ನೂರರದ್ದು ಹಾಕ್ರಿ



ಕಲಬುರಗಿ ಜಿಲ್ಲೆಯ ಜೇವರ್ಗಿ ಊರ ಹೊರಗಿನ ಒಂದು ಪೆಟ್ರೋಲ್ ಪಂಪಿನಲ್ಲಿ ಬೆಳಗಿನ ಏಳರ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದೆ. ನನಗಿಂತ ಮುಂದೆ ಎಂಟು ಹತ್ತು ಗಾಡಿಗಳು. ಅಷ್ಟು ಜನರಲ್ಲಿ ಒಬ್ಬರ ಬಾಯಿಂದಲೂ ಲೀಟರ್ ಎಂಬ ಮಾತು ಬರಲಿಲ್ಲ. ‘ನೂರರದ್ದು ಹಾಕ್ರಿ’ ಅಂದರು ಒಬ್ಬರು. ‘ಐವತ್ತರದ್ದು ಹಾಕಣ್ಣಾ’ ಅಂದ ಇನ್ನೊಬ್ಬ. ಗೌಂಡಿ ಕೆಲಸಕ್ಕೆ ಹೊರಟಿದ್ದ ಹುಡುಗ ಅಂಗಿ ಕಿಸೆಯಿಂದ ಮಡಿಸಿಟ್ಟ ನೋಟುಗಳನ್ನು ಬಿಡಿಸಿ, ಎಣಿಸಿ, ‘ಎಪ್ಪತ್ತರದ್ದು’ ಅಂದ. ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಸಕ್ಕರೆ ಎಂದು ಅಳತೆ ಹೇಳಿ ಕೇಳುವ ಜನ, ಇಲ್ಲಿ ಮಾತ್ರ ಕಿಸೆಯಲ್ಲಿ ಇದ್ದಷ್ಟನ್ನು ಮುಂದೆ ಹಿಡಿದು, ಬಂದಷ್ಟು ಬರಲಿ ಎನ್ನುತ್ತಾರೆ.

ಆ ನೂರು ರೂಪಾಯಿ ಎಲ್ಲಿಯವರೆಗೆ ಹೋಗುತ್ತದೆ? 2010ರ ಜೂನ್ ಕೊನೆಗೆ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ತನ್ನ ಹಿಡಿತ ಬಿಟ್ಟುಕೊಟ್ಟಿತು. ಆಗ ದಿಲ್ಲಿಯಲ್ಲಿ ಲೀಟರಿಗೆ 51 ರೂಪಾಯಿ ಚಿಲ್ಲರೆ. ನೂರರ ನೋಟಿಗೆ ಹೆಚ್ಚೂಕಡಿಮೆ ಎರಡು ಲೀಟರ್ ಬೀಳುತ್ತಿತ್ತು. ನಮ್ಮ ರಾಜ್ಯದಲ್ಲಿ ಪೆಟ್ರೋಲ್ ನೂರು ದಾಟಿದ್ದು 2021ರ ಜೂನ್ ತಿಂಗಳಲ್ಲಿ. ಈಗ ಅದೇ ನೋಟಿಗೆ ಒಂದು ಲೀಟರೂ ತುಂಬುವುದಿಲ್ಲ. ಆಳಂದದಿಂದ ಕಲಬುರಗಿಗೆ ಹೋಗಿಬರಲು ಎಂಬತ್ತು ಕಿಲೋಮೀಟರ್ ದಾಟುತ್ತದೆ. ಗಾಡಿ ಹಳೆಯದಾಗಿದ್ದು ಹಿಂದೆ ಒಬ್ಬರು ಕೂತಿದ್ದರಂತೂ ನೂರರ ಪೆಟ್ರೋಲು ಹೋಗುವುದಕ್ಕೆ ಸಾಕು, ಬರುವುದಕ್ಕೆ ಸಾಲದು.

ಬೆಲೆ ಏರಿದ್ದು ನಿಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಮಾತ್ರವೇ, ಬೆಂಗಳೂರಿನವರಿಗೂ ಏರಿಲ್ಲವೇ ಎಂದು ಯಾರಾದರೂ ಕೇಳಬಹುದು. ದರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ನಿಜ. ಆದರೆ ಬೆಂಗಳೂರಿನಲ್ಲಿ ಗಾಡಿಯನ್ನು ಮನೆಯಲ್ಲೇ ನಿಲ್ಲಿಸಿ ಮೆಟ್ರೊ ಹತ್ತುವವರಿದ್ದಾರೆ. ಈ ಮೂರೂ ತಾಲ್ಲೂಕು ಪಟ್ಟಣಗಳಲ್ಲಿ ರೈಲು ನಿಲ್ದಾಣವೇ ಇಲ್ಲ. ಅಫಜಲಪುರ ತಾಲ್ಲೂಕಿನಲ್ಲಿ ಸೊಲ್ಲಾಪುರ–ವಾಡಿ ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣವಿದೆ. ಅಲ್ಲಿ ಇಳಿದ ಯಾತ್ರಿಕರು ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರಕ್ಕೆ ಹೋಗಬೇಕಾದರೆ ಮತ್ತೆ ಬಸ್ಸೋ ಜೀಪೋ ಹಿಡಿಯಲೇಬೇಕು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಬರುವವರಿಗೂ ರಸ್ತೆಯೇ ಗತಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಊರಿಂದ ಓಡಾಡಿ ಓದುವ ಮಕ್ಕಳಿಗೂ ಅಷ್ಟೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು. ನಮ್ಮ ಮೂರೂ ಆ ಪಟ್ಟಿಯಲ್ಲಿದ್ದವು. ಬೇರೆ ದಾರಿ ಇದ್ದವನಿಗೆ ಏರಿದ ಬೆಲೆ ಒಂದು ಎಚ್ಚರಿಕೆ. ಬೇರೆ ದಾರಿ ಇಲ್ಲದವನಿಗೆ ಅದು ಕೈಯಿಂದ ಕಿತ್ತುಕೊಂಡ ದುಡ್ಡು. ಇಂಧನ ತುಟ್ಟಿಯಾದರೆ ಜನ ಕಡಿಮೆ ಸುಡುತ್ತಾರೆ, ಗಾಳಿ ಶುದ್ಧವಾಗುತ್ತದೆ ಎಂದು ವಾದಿಸುವವರನ್ನು ನಾನು ಗೌರವಿಸುತ್ತೇನೆ. ಅವರು ಒಮ್ಮೆ ಯಡ್ರಾಮಿಯಿಂದ ಜೇವರ್ಗಿಗೆ, ಅಲ್ಲಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ, ರಾತ್ರಿ ಹೊತ್ತು ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿ ನೋಡಬೇಕು ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ನಮ್ಮಲ್ಲಿ ಎಣ್ಣೆಯ ಬೆಲೆ ಗಾಡಿ ಇದ್ದವರ ಮಾತು ಮಾತ್ರ ಅಲ್ಲ, ಅದು ಹೊಲದ ಮಾತು. ನಮ್ಮದು ತೊಗರಿಯ ನಾಡು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಒಂದು ಎಕರೆ ತೊಗರಿಯ ಹಿಂದೆ ಡೀಸೆಲ್ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ನೋಡಿ. ಬೇಸಿಗೆಯಲ್ಲಿ ಎರೆ ಹೊಲಕ್ಕೆ ಟ್ರ್ಯಾಕ್ಟರಿನ ನೇಗಿಲು ಹೊಡೆಸಬೇಕು. ಹೆಂಟೆ ಒಡೆಯಲು ಮತ್ತೆ ರೋಟಾವೇಟರ್. ಮಿರಗ ಕೂಡಿ ಮಳೆಯಾದರೆ ಹರಗಿ, ಬಿತ್ತಿಸಬೇಕು; ಇಂದು ಬಹಳ ಕಡೆ ಕೂರಿಗೆಯೂ ಟ್ರ್ಯಾಕ್ಟರಿನ ಹಿಂದೆಯೇ ಇರುತ್ತದೆ. ಬೀಜ, ಗೊಬ್ಬರ ಹೊಲ ಮುಟ್ಟಬೇಕು. ಹೂ ಬಿಟ್ಟ ಮೇಲೆ ಕಾಯಿಕೊರಕಕ್ಕೆ ಔಷಧ ಹೊಡೆಯುವ ಪಂಪು ಪೆಟ್ರೋಲಿನದು. ಕೊಯ್ದು ಬಣವೆ ಒಟ್ಟಿದ ಮೇಲೆ ರಾಶಿ ಮಷೀನು ಬರುತ್ತದೆ, ಅದನ್ನು ಎಳೆದು ತಂದು ತಿರುಗಿಸುವುದೂ ಟ್ರ್ಯಾಕ್ಟರೇ. ಕೊನೆಗೆ ಚೀಲ ಹೇರಿಕೊಂಡು ಕಲಬುರಗಿಯ ಅಡತಿ ಅಂಗಡಿಗೆ ಹೋಗಬೇಕು. ಉಳುಮೆಯೊಂದಕ್ಕೇ ಎಕರೆಗೆ ಐದಾರು ಲೀಟರ್ ಡೀಸೆಲ್ ಬೇಕಾಗುತ್ತದೆ. ಉಳಿದದ್ದನ್ನು ನೀವೇ ಸೇರಿಸಿಕೊಳ್ಳಿ.

ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವ ಒಬ್ಬರನ್ನು ಅಫಜಲಪುರದ ಕಡೆ ಮಾತಾಡಿಸಿದ್ದೆ. ಡೀಸೆಲ್ ಏರಿತೆಂದು ಅವರೂ ಸಿಟ್ಟಿನಲ್ಲಿದ್ದರು. ಆದರೆ ಅವರಾಡಿದ ಒಂದು ಮಾತು ನನ್ನನ್ನು ಬಿಟ್ಟು ಹೋಗಿಲ್ಲ. ‘ನೋಡ್ರಿ ಅಣ್ಣಾರ, ಡೀಸೆಲ್ ಏರಿದ್ರ ನಾ ಬಾಡಿಗಿ ಏರಸ್ತೀನಿ. ಲಾರಿಯಾಂವ ಬಾಡಿಗಿ ಏರಸ್ತಾನ. ಅಂಗಡಿಯಾಂವ ಸಾಮಾನಿನ ರೇಟ್ ಏರಸ್ತಾನ. ಹೊಲದಾಂವ ಯಾರ ಮ್ಯಾಗ ಏರಸಬೇಕ್ರಿ?’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತೊಗರಿಯ ಬೆಂಬಲ ಬೆಲೆ ವರ್ಷಕ್ಕೊಮ್ಮೆ ನಿಗದಿಯಾಗುತ್ತದೆ. 2025–26ರ ಹಂಗಾಮಿಗೆ ಕ್ವಿಂಟಲಿಗೆ 8,000 ರೂಪಾಯಿ. ಪೇಟೆಯಲ್ಲಿ ಆ ಬೆಲೆ ಸಿಗದ ದಿನಗಳನ್ನು ನಮ್ಮ ರೈತರು ಕಂಡಿದ್ದಾರೆ. ಡೀಸೆಲ್ ದರಕ್ಕೆ ಮಾತ್ರ ಹಂಗಾಮಿನ ಹಂಗಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣವೂ ಹೋಯಿತು. 2017ರ ಜೂನ್ 16ರಿಂದ ದೇಶದಾದ್ಯಂತ ಪ್ರತಿದಿನ ಬೆಳಗಿನ ಆರಕ್ಕೆ ದರ ಪರಿಷ್ಕರಣೆಯ ಪದ್ಧತಿ ಬಂತು. ವರ್ಷಕ್ಕೊಮ್ಮೆ ನಿಗದಿಯಾಗುವ ಬೆಲೆಗೆ ಮಾರುವವನು, ದಿನ ಬೆಳಗಾದರೆ ಬದಲಾಗಬಹುದಾದ ಬೆಲೆಗೆ ಕೊಳ್ಳಬೇಕು.

ಡೀಸೆಲ್ ತುಟ್ಟಿಯಾದರೆ ಏನಂತೆ, ಎತ್ತುಗಳು ಎಲ್ಲಿ ಹೋದವು ಎಂದು ಹಿರಿಯರು ಕೇಳುತ್ತಾರೆ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆಹಿಡಿದಾಗ ಜಗತ್ತಿನ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿ ಪೆಟ್ರೋಲ್ ದರ ಏರಿಕೆ ವಿರೋಧಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆ ಚಿತ್ರ ದೇಶದ ನೆನಪಿನಲ್ಲಿ ಉಳಿಯಿತು. ಅಲ್ಲಿಂದೀಚೆಗೆ ಯಾವ ಪಕ್ಷ ವಿರೋಧದಲ್ಲಿದ್ದರೂ ಎತ್ತಿನ ಗಾಡಿ ಹೂಡುತ್ತದೆ, ಬೈಕ್ ತಳ್ಳುತ್ತದೆ, ಸಿಲಿಂಡರಿಗೆ ಹಾರ ಹಾಕುತ್ತದೆ. 1973ರಲ್ಲಿ ನಮ್ಮ ಒಕ್ಕಲುಮನೆಗಳ ಕೊಟ್ಟಿಗೆಯಲ್ಲಿ ಎತ್ತುಗಳಿದ್ದವು. ಡೀಸೆಲ್ ಇಲ್ಲದೆಯೂ ಬಿತ್ತನೆ ನಡೆಯುತ್ತಿತ್ತು. ಇವತ್ತು ಜೋಡಿ ಎತ್ತಿನ ಬೆಲೆ, ಮೇವು, ನೋಡಿಕೊಳ್ಳುವ ಆಳು, ಯಾವುದೂ ಸಣ್ಣ ರೈತನ ಕೈಗೆ ಎಟಕುವುದಿಲ್ಲ. ಎತ್ತು ಮಾರಿದವನು ಆಸೆಯಿಂದ ಮಾರಲಿಲ್ಲ. ಬರದ ವರ್ಷಗಳಲ್ಲಿ ಮೇವಿಲ್ಲದೆ ಮಾರಿದ, ಮಗ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದದ್ದರಿಂದ ಮಾರಿದ. ಹೀಗೆ ಒಂದು ಕಡೆಯ ಬಾಗಿಲು ಮುಚ್ಚಿದ ಮೇಲೆ ಟ್ರ್ಯಾಕ್ಟರಿನ ಡೀಸೆಲ್ಲಿಗೆ ಕಟ್ಟುಬಿದ್ದ.

ಭೀಮೆಯ ನೀರು ಸಿಗುವ ಕಡೆ ಕಬ್ಬು ಇದೆ. ಅಫಜಲಪುರ ತಾಲ್ಲೂಕಿನ ಹಾವಳಗಾ, ಆಳಂದ ತಾಲ್ಲೂಕಿನ ಭೂಸನೂರು ಕಾರ್ಖಾನೆಗಳಿಗೆ ಚಳಿಗಾಲವಿಡೀ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕೇಂದ್ರ ಸರ್ಕಾರ ನಿಗದಿ ಮಾಡುವ ನ್ಯಾಯ ಮತ್ತು ಲಾಭದಾಯಕ ಬೆಲೆ, ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸಿದ ಕಬ್ಬಿನ ಬೆಲೆ. 2025–26ಕ್ಕೆ ಶೇ 10.25 ಇಳುವರಿಯ ಕಬ್ಬಿಗೆ ಅದು ಕ್ವಿಂಟಲಿಗೆ 355 ರೂಪಾಯಿ. ಕಟಾವು ಮತ್ತು ಸಾಗಣೆಯ ಖರ್ಚು ಅದರಿಂದಲೇ ಕಳೆಯಬೇಕು. ಡೀಸೆಲ್ ಏರಿದಷ್ಟೂ ಆ ಕಡಿತದ ಮೇಲಿನ ಎಳೆದಾಟ ಬಿಗಿಯಾಗುತ್ತದೆ. ಇನ್ನೊಂದು ಸಂಗತಿಯನ್ನು ನಮ್ಮ ಕಬ್ಬು ಬೆಳೆಗಾರರು ತಿಳಿದಿರಬೇಕು. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇ 20ಕ್ಕೆ ಮುಟ್ಟಿತು. ಕಬ್ಬಿನ ರಸದಿಂದ ಮಾಡಿದ ಎಥೆನಾಲಿಗೆ ತೈಲ ಕಂಪನಿಗಳು ಕೊಟ್ಟ ದರ ಲೀಟರಿಗೆ 65 ರೂಪಾಯಿ 61 ಪೈಸೆ. ಅಂದರೆ ಪಂಪಿನಲ್ಲಿ ನಾವು ಹಾಕಿಸುವ ಐದು ಪಾಲಿನಲ್ಲಿ ಒಂದು ಪಾಲು ಮೆಕ್ಕೆಜೋಳ, ಅಕ್ಕಿ, ಕಬ್ಬು ಬೆಳೆದ ಹೊಲಗಳದ್ದು. ಆ ಹೊಲದ ಒಡೆಯನಿಗೆ ಪೆಟ್ರೋಲ್ ಒಂದು ರೂಪಾಯಿಯೂ ಅಗ್ಗವಾಗಲಿಲ್ಲ. ವಿದೇಶಿ ವಿನಿಮಯ ಉಳಿದದ್ದು ದೇಶಕ್ಕೆ ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಒಳಿತಿನ ಸ್ವಲ್ಪ ಪಾಲು ಬೆಳೆದವನ ಕೈಗೂ ಬರಬೇಕಿತ್ತು.

ಇನ್ನು ತೆರಿಗೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕಾಗದ ಪೆನ್ಸಿಲ್ ಇದ್ದವರು ಬರೆದುಕೊಳ್ಳಿ.

ಆಳಂದ ತಾಲ್ಲೂಕಿನ ಹಿರೋಳಿ ದಾಟಿದರೆ ಅಕ್ಕಲಕೋಟೆಯ ಹಾದಿ. ಗಡಿಯ ಎರಡೂ ಕಡೆ ಒಂದೇ ಮಣ್ಣು, ಒಂದೇ ತೊಗರಿ, ಮನೆಮನೆಯಲ್ಲೂ ಕನ್ನಡ ಮರಾಠಿ ಎರಡೂ. ಪಂಪಿನ ದರ ಮಾತ್ರ ಬೇರೆ. 2021ರ ನವೆಂಬರಿನಲ್ಲಿ ಕರ್ನಾಟಕ ತೆರಿಗೆ ಇಳಿಸಿದ ಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ 100 ರೂಪಾಯಿ 58 ಪೈಸೆ, ಮುಂಬೈಯಲ್ಲಿ 109 ರೂಪಾಯಿ 98 ಪೈಸೆ. ಕಚ್ಚಾತೈಲ ಒಂದೇ, ಕಂಪನಿಗಳೂ ಅವೇ. ಒಂಬತ್ತು ರೂಪಾಯಿಗೂ ಮೀರಿದ ಆ ಅಂತರದ ಬಹುಪಾಲು ಎರಡು ರಾಜ್ಯಗಳ ತೆರಿಗೆಯಿಂದ ಬಂದದ್ದು. ಬೆಲೆಯ ಎಷ್ಟೋ ಪಾಲು ಅರಬ್ಬೀ ಸಮುದ್ರದ ಆಚೆ ತೀರ್ಮಾನವಾಗುವುದಿಲ್ಲ, ದಿಲ್ಲಿಯಲ್ಲಿ ಮತ್ತು ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ ಎಂಬುದಕ್ಕೆ ಗಡಿಯ ಜನಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲು ದಿಲ್ಲಿಯದು. 2014ರ ಮೇ ತಿಂಗಳಲ್ಲಿ ಲೀಟರ್ ಡೀಸೆಲ್ ಮೇಲೆ ಕೇಂದ್ರದ ಅಬಕಾರಿ ಸುಂಕ 3 ರೂಪಾಯಿ 56 ಪೈಸೆ ಇತ್ತು. ಆ ವರ್ಷದ ಮಧ್ಯದಿಂದ ಕಚ್ಚಾತೈಲದ ಬೆಲೆ ಜಗತ್ತಿನಲ್ಲಿ ಕುಸಿಯುತ್ತ ಹೋಯಿತು. 2014ರ ನವೆಂಬರಿನಿಂದ 2016ರ ಜನವರಿಯೊಳಗೆ ಸುಂಕವನ್ನು ಒಂಬತ್ತು ಸಲ ಏರಿಸಲಾಯಿತು. ಮುಂದೆ ಕೊರೊನಾ ಕಾಲ ಬಂತು. ರಸ್ತೆಗಳು ಖಾಲಿ, ಕಚ್ಚಾತೈಲ ಕೇಳುವವರಿಲ್ಲ. 2020ರ ಮೇ ಮೊದಲ ವಾರದಲ್ಲಿ ಒಂದೇ ಆದೇಶದಲ್ಲಿ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಸೇರಿತು. ಡೀಸೆಲ್ ಮೇಲಿನ ಸುಂಕ 31 ರೂಪಾಯಿ 83 ಪೈಸೆಗೆ ಮುಟ್ಟಿತು. ಅಂದು ಪಂಪಿನ ದರ ಏರಲಿಲ್ಲ, ಹಾಗಾಗಿ ಯಾರೂ ಕೂಗಲಿಲ್ಲ. ಇಳಿಯಬೇಕಾಗಿದ್ದ ದರ ಇಳಿಯಲಿಲ್ಲ ಎಂಬುದೇ ಅಂದಿನ ಏರಿಕೆ. ಮುಂದಿನ ವರ್ಷ ಕಚ್ಚಾತೈಲ ಮತ್ತೆ ಏರಿದಾಗ ಅದರ ಭಾರ ಈ ಸುಂಕದ ಮೇಲೆ ಕೂತು, ಬೆಂಗಳೂರಿನಲ್ಲಿ ಡೀಸೆಲ್ ಕೂಡ ನೂರು ದಾಟಿತು. ನಂತರ 2021ರ ದೀಪಾವಳಿಗೆ ಡೀಸೆಲ್ ಸುಂಕ 10 ರೂಪಾಯಿ, 2022ರ ಮೇ ತಿಂಗಳಲ್ಲಿ ಮತ್ತೆ 6 ರೂಪಾಯಿ ಇಳಿಯಿತು. ಇಳಿಸಿದ್ದನ್ನು ಒಪ್ಪಿಕೊಳ್ಳೋಣ. ಇಳಿದ ಮೇಲೂ ಉಳಿದದ್ದು 15 ರೂಪಾಯಿ 80 ಪೈಸೆ. ಅದು 2014ರದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಈಗ ಬೆಂಗಳೂರಿನದು. 2021ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಲೀಟರಿಗೆ ಏಳು ರೂಪಾಯಿ ಬಿಟ್ಟುಕೊಟ್ಟಿತ್ತು. 2024ರ ಜೂನ್ 15ರಂದು ಮಾರಾಟ ತೆರಿಗೆ ಏರಿಸಿದ್ದರಿಂದ ಪೆಟ್ರೋಲ್, ಡೀಸೆಲ್ ಎರಡೂ ಸುಮಾರು ಮೂರು ರೂಪಾಯಿ ತುಟ್ಟಿಯಾದವು. 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಹೋಗಿ ಇನ್ನೂ ಎರಡು ರೂಪಾಯಿ ಸೇರಿತು. ಅದೇ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ನೆರೆಯ ರಾಜ್ಯಗಳಿಗಿಂತ ನಮ್ಮಲ್ಲಿ ಇನ್ನೂ ಕಡಿಮೆ ಎಂದು ಸರ್ಕಾರ ಹೇಳಿತು. ಮಹಾರಾಷ್ಟ್ರದ ಮಟ್ಟಿಗೆ ಪೆಟ್ರೋಲಿನಲ್ಲಿ ಅದು ನಿಜವೇ. ಆದರೆ ಅಕ್ಕಲಕೋಟೆಯವನು ಹೆಚ್ಚು ಕೊಡುತ್ತಾನೆ ಎಂಬುದು ಆಳಂದದವನ ಕಿಸೆಗೆ ಸಮಾಧಾನ ತರುವುದಿಲ್ಲ.

ಇಲ್ಲಿ ನಡೆಯುವುದೇನೆಂದರೆ, ರಾಜ್ಯ ಏರಿಸಿದಾಗ ಒಂದು ಪಕ್ಷ ಬೀದಿಗಿಳಿಯುತ್ತದೆ, ಕೇಂದ್ರ ಏರಿಸಿದಾಗ ಇನ್ನೊಂದು. ಎರಡು ಸಲವೂ ದುಡ್ಡು ಕೊಟ್ಟವನು ಒಬ್ಬನೇ, ಪಂಪಿನ ಮುಂದೆ ನಿಂತವನು. ಜಿಎಸ್‌ಟಿಯ ಒಳಗೆ ಪೆಟ್ರೋಲ್, ಡೀಸೆಲ್ ತಂದರೆ ಸರಿಹೋಗುತ್ತದೆ ಎನ್ನುವ ಮಾತೂ ಇದೆ. 2021ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ ಮುಂದೆ ಈ ವಿಷಯ ಬಂತು; ಅದಕ್ಕೆ ಇದು ಸಮಯವಲ್ಲ ಎಂದು ಕೈಬಿಟ್ಟರು. ಎರಡೂ ಸರ್ಕಾರಗಳ ಬೊಕ್ಕಸಕ್ಕೆ ಈ ತೆರಿಗೆ ಬೇಕು. ರಸ್ತೆ, ಆಸ್ಪತ್ರೆ, ಪಿಂಚಣಿ, ಗ್ಯಾರಂಟಿ ಯೋಜನೆಗಳಿಗೆ ದುಡ್ಡು ಎಲ್ಲಿಂದಲಾದರೂ ಬರಲೇಬೇಕು, ಅದನ್ನು ಬಲ್ಲೆ. ಶಕ್ತಿ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳು 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಕಲಬುರಗಿ ಮುಟ್ಟುತ್ತಿದ್ದಾರೆ. ಅದು ದೊಡ್ಡ ನೆರವು, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಬಸ್ಸು ಬಾರದ ಹಳ್ಳಿಯಿಂದ ಡಾಂಬರು ರಸ್ತೆಯವರೆಗೆ ಹೆಣ್ಣುಮಗಳು ಟಂಟಂ ಹತ್ತುತ್ತಾಳೆ. ಕಳೆ ತೆಗೆಯಲು ಬೇರೆ ಊರಿನ ಹೊಲಕ್ಕೆ ಹೋಗುವಾಗ ಕ್ರೂಸರಿನಲ್ಲಿ ಒತ್ತಿಕೊಂಡು ಕೂರುತ್ತಾಳೆ. ಆ ಗಾಡಿಯ ಎಣ್ಣೆಯ ದುಡ್ಡು ಆಕೆಯ ಕೂಲಿಯಲ್ಲೇ ಮುರಿಯುತ್ತದೆ. ಆಕೆಗೆ ಗಂಡುಮಗನಿದ್ದರೆ, 2025ರ ಜನವರಿ 5ರಿಂದ ಶೇ 15ರಷ್ಟು ಏರಿದ ಬಸ್ ದರವನ್ನು ಅವನು ಕೊಡುತ್ತಾನೆ.

ತೆರಿಗೆ ಬೇಕೆಂದರೆ ತೆಗೆದುಕೊಳ್ಳಲಿ. ಎಷ್ಟು ತೆಗೆದುಕೊಂಡರೆಂದು ಕೊಟ್ಟವನಿಗೆ ತಿಳಿಯಬೇಡವೇ? ಡೀಸೆಲ್ ಮೇಲಿನ ಕೇಂದ್ರ ಸುಂಕದಲ್ಲಿ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಎಂಬ ನಾಲ್ಕು ರೂಪಾಯಿ 2021ರ ಫೆಬ್ರುವರಿಯಿಂದ ಸೇರಿದೆ. ಎಕರೆ ಉಳುಮೆಗೆ ಆರು ಲೀಟರ್ ಹಿಡಿದರೆ, ತನ್ನ ಹೊಲವನ್ನು ಉಳುವ ರೈತ ಕೃಷಿಯ ಅಭಿವೃದ್ಧಿಗೆಂದು ಇಪ್ಪತ್ತನಾಲ್ಕು ರೂಪಾಯಿ ಕೊಡುತ್ತಿದ್ದಾನೆ. ಅವನಿಗೇ ಅದು ಗೊತ್ತಿಲ್ಲ. ಸೆಸ್ ಹೆಸರಿನಲ್ಲಿ ಬಂದದ್ದನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಕಟ್ಟಳೆಯೂ ಇಲ್ಲ.

ನೆರವಿನ ಕಡೆಯ ಲೆಕ್ಕವನ್ನೂ ನೋಡೋಣ. 2022ರ ರಾಜ್ಯ ಬಜೆಟ್‌ನಲ್ಲಿ ರೈತ ಶಕ್ತಿ ಎಂಬ ಯೋಜನೆ ಘೋಷಣೆಯಾಯಿತು. ಎಕರೆಗೆ 250 ರೂಪಾಯಿ ಡೀಸೆಲ್ ಸಹಾಯಧನ, ಐದು ಎಕರೆವರೆಗೆ, ಅಂದರೆ ಹೆಚ್ಚೆಂದರೆ 1,250 ರೂಪಾಯಿ. ಒಳ್ಳೆಯ ಆಲೋಚನೆ. ಆದರೆ 250 ರೂಪಾಯಿಗೆ ಮೂರು ಲೀಟರ್ ಡೀಸೆಲ್ಲೂ ಬರುವುದಿಲ್ಲ. ಒಂದು ಎಕರೆಯ ಒಂದು ಉಳುಮೆಯ ಅರ್ಧ ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ. ನೆರವನ್ನು ರೂಪಾಯಿಯಲ್ಲಿ ಕಟ್ಟಿಹಾಕಿದರೆ ದರ ಏರಿದ ಪ್ರತಿದಿನ ಅದು ಕರಗುತ್ತದೆ. ಲೀಟರಿನಲ್ಲಿ ಕೊಡಬೇಕು ಎಂಬುದು ನನ್ನ ಮೊದಲ ಕೋರಿಕೆ. ಎಕರೆಗೆ ಇಷ್ಟು ಲೀಟರ್ ಎಂದು ನಿಗದಿ ಮಾಡಿ, ಅಂದಿನ ದರದಲ್ಲಿ ಅದರ ಮೊತ್ತವನ್ನು ಖಾತೆಗೆ ಹಾಕಬೇಕು. ಹೊಲದ ವಿವರವೆಲ್ಲ ಸರ್ಕಾರದ ಫ್ರೂಟ್ಸ್ ಎಂಬ ರೈತ ನೋಂದಣಿ ದಾಖಲೆಯಲ್ಲಿ ಇದ್ದೇ ಇದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿಯನ್ನು ಶೇ 12ರಿಂದ 5ಕ್ಕೆ ಇಳಿಸಿದರು. ಟ್ರ್ಯಾಕ್ಟರ್ ಕೊಳ್ಳುವ ಶಕ್ತಿ ಇದ್ದವನಿಗೆ ಅದು ಸಿಕ್ಕಿತು. ಅದನ್ನು ಬಾಡಿಗೆಗೆ ಕರೆಯುವ ಎರಡೆಕರೆಯವನಿಗೆ ಬೇಕಾದದ್ದು ಡೀಸೆಲ್ಲಿನಲ್ಲಿ ಇದೆ.

ಎರಡನೆಯ ಕೋರಿಕೆ ಇನ್ನೂ ಸಣ್ಣದು. ಪ್ರತಿ ಪಂಪಿನಲ್ಲಿ ಇಂದಿನ ದರದ ಫಲಕ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಫಲಕ ಬೇಕು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ಎಣ್ಣೆಯ ಮೂಲ ಬೆಲೆ ಇಷ್ಟು, ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು, ಪಂಪಿನವರಿಗೆ ಇಷ್ಟು. ದಿಲ್ಲಿಯ ದರದ ಇಂಥ ವಿಂಗಡಣೆಯನ್ನು ತೈಲ ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕುತ್ತಲೇ ಬಂದಿವೆ. ಜೇವರ್ಗಿಯ ಗೋಡೆಗೆ ಅದನ್ನು ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ಹಾಗೆ ಬರೆದ ದಿನ ಯಾರ ಮೇಲೆ ಸಿಟ್ಟಾಗಬೇಕು, ಎಷ್ಟು ಸಿಟ್ಟಾಗಬೇಕು ಎಂಬುದನ್ನು ಜನ ಯಾವ ಪಕ್ಷದವರನ್ನೂ ಕೇಳಬೇಕಾಗಿಲ್ಲ.

ಅಂದು ಬೆಳಿಗ್ಗೆ ಎಪ್ಪತ್ತರದ್ದು ಹಾಕಿಸಿದ ಹುಡುಗನ ಲೆಕ್ಕವನ್ನು ನಾನು ಮನೆಗೆ ಬಂದು ಮಾಡಿದೆ. 2025ರ ದರ ಹಿಡಿದರೆ ಅವನ ಎಪ್ಪತ್ತು ರೂಪಾಯಿಯಲ್ಲಿ ಸುಮಾರು ಮೂವತ್ತು ರೂಪಾಯಿ ಎರಡು ಸರ್ಕಾರಗಳಿಗೆ ಹೋಗುತ್ತದೆ. ಪಂಪಿನವರು ಅವನಿಗೆ ಚೀಟಿ ಕೊಡಲಿಲ್ಲ, ಅವನೂ ಕೇಳಲಿಲ್ಲ. ಗಾಡಿಯನ್ನು ಒಮ್ಮೆ ಅಲುಗಾಡಿಸಿ ಟ್ಯಾಂಕಿನೊಳಗೆ ಇಣುಕಿ ನೋಡಿ, ಮುಚ್ಚಳ ಹಾಕಿ, ಕಟ್ಟಿಸಂಗಾವಿ ಊರಿನ ಸೇತುವೆಯ ಕಡೆಗೆ ಹೊರಟುಹೋದ.